ಹನ್ನೊಂದು ಒರಿಜಿನಲ್

2004 ಜೂನ್ 16, ಬುಧವಾರ

ಮತ್ತೆ ಅದೇ 7.50ರ ಬಸ್ಸು. ನಂಜನಗೂಡಿನಿಂದ ನರಸೀಪುರದವರೆಗೆ ನಿಂತೇ ಬಂದೆ. ಮೊದಲ ಪೀರಿಯಡ್ ಕಾಸ್ಟ್ ಅಕೌಂಟಿಂಗ್ ಪಾಠ. ಆಮೇಲೆ ಪ್ಲೇಸ್‌ಮೆಂಟ್ ಸೆಲ್ — ಅಂದರೆ ಲೈಬ್ರರಿ ಪಕ್ಕದಲ್ಲಿ ಒಂದು ಮೇಜು, ಎರಡು ಕುರ್ಚಿ, ಮತ್ತು ನಾನು. ಹದಿಮೂರು ವರ್ಷದಿಂದ ಇದೇ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಮೇಷ್ಟ್ರು. ಹುಡುಗರಿಗೆ ಕೆಲಸ ಹುಡುಕಿಕೊಡುವ ಜವಾಬ್ದಾರಿಯೂ ನನ್ನದೇ. ತನಗೇ ಜಾಗವಿಲ್ಲ, ಕೊರಳಲ್ಲಿ ಡೋಲು ಬೇರೆ.

ನಂಜನಗೂಡು ಪಕ್ಕದ ತಾಂಡ್ಯದ ಮಸಾಲೆ ಪುಡಿ ಕಂಪನಿ ಈಗಷ್ಟೇ ಬಿ.ಕಾಂ. ಬರೆದ ಹನ್ನೊಂದು ಜನರನ್ನು ಒಂದು ವರ್ಷಕ್ಕೆ ಅಕೌಂಟ್ಸ್ ಟ್ರೈನಿ ಅಂತ ತೆಗೆದುಕೊಂಡಿದೆ. ಷರತ್ತು ಒಂದೇ. ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡು ವರ್ಷ ಮುಗಿಯುವವರೆಗೆ ಅವರ ಬೀರುವಿನಲ್ಲಿರಬೇಕು. ಮಧ್ಯದಲ್ಲಿ ಯಾರೂ ಕೈಕೊಟ್ಟು ಹೋಗಬಾರದಲ್ಲ, ಅದಕ್ಕೆ. ನಾನೇ ಕೊಡಬೇಕು, ನಾನೇ ವಾಪಸ್ ತರಬೇಕು. ಹುಡುಗರ ಕೈಗೆ ಕೊಡುವುದಿಲ್ಲವಂತೆ.

ಹತ್ತು ಜನ ಮಾತಿಲ್ಲದೆ ಕೊಟ್ಟರು. ಮೂಗೂರಿನ ಪಲ್ಲವಿ ಮಾತ್ರ ತಾಯಿಯನ್ನು ಕರೆತಂದಿದ್ದಳು. ಕೂಲಿ ಮಾಡುವ ಹೆಂಗಸು, ಶಿವನಂಜಮ್ಮ. ಕಾರ್ಡನ್ನು ಎರಡು ಸಲ ಮುಂದೆ ಚಾಚಿ ಎರಡು ಸಲ ಹಿಂದಕ್ಕೆ ತೆಗೆದುಕೊಂಡರು.

“ಕಂಪ್ನಿಯೋರ್ನ ನಾವ್ ಕಂಡಿಲ್ಲ ಮೇಷ್ಟ್ರೇ. ನಿಮ್ಮುನ್ನ ಕಂಡಿವ್ನಿ. ನಿಮ್ ಕೈಗೆ ಕೊಡ್ತಾ ಇವ್ನಿ.”

“ಒಂದೇ ವರ್ಷ ಕಣಮ್ಮ. ನನ್ನ ಜವಾಬ್ದಾರಿ” ಅಂದೆ.

ತೊಂಬತ್ತೊಂದು ಪರ್ಸೆಂಟ್. ಅಂಥ ಮಾರ್ಕ್ಸ್ ನಾನು ಕನಸಿನಲ್ಲೂ ತೆಗೆದವನಲ್ಲ.

ಜೂನ್ 19, ಶನಿವಾರ

ತಾಂಡ್ಯಕ್ಕೆ ಹೋಗಿ ಕೊಟ್ಟುಬಂದೆ. ಪರ್ಸೊನೆಲ್ ಆಫೀಸರ್ ರಂಗನಾಯಕ ಎಣಿಸಿ ಬೀರುವಿಗೆ ಹಾಕಿದ. ರಸೀದಿ ಕೇಳಿದೆ. “ಏನ್ ಮೇಷ್ಟ್ರೇ, ನಮ್ಮಲ್ಲಿ ನಂಬ್ಕೆ ಇಲ್ವಾ?” ನಕ್ಕು ಸುಮ್ಮನಾದೆ.

ಜುಲೈ 28, ಬುಧವಾರ

ಅಕೌಂಟ್ಸ್ ಅಂತ ಹೋದವರನ್ನು ಪ್ಯಾಕಿಂಗಿಗೆ ಕೂರಿಸಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಪಲ್ಲವಿ ಸಿಕ್ಕಳು. ಕಣ್ಣು ಕೆಂಪು. “ಅತ್ತಿಲ್ಲ ಸಾ, ಖಾರದ್ ಪುಡಿ” ಅಂದಳು. ಪ್ರಿನ್ಸಿಪಾಲ್ ಗಂಗಾಧರಸ್ವಾಮಿಯವರಿಗೆ ಹೇಳಿದೆ. “ಕೆಲ್ಸ ಅಂದ್ಮೇಲೆ ಕೆಲ್ಸ ಕಣ್ರೀ. ಲಿಸ್ಟಲ್ಲಿ ಹನ್ನೊಂದು ಅಂತ ಇದೆಯಲ್ಲ, ಸಾಕು.”

ಆಗಸ್ಟ್ 11, ಬುಧವಾರ

ಪಲ್ಲವಿ ಓಡಿಬಂದಳು. ಹೋದ ವರ್ಷ ಗ್ರಾಮಲೆಕ್ಕಿಗರ ಹುದ್ದೆಗೆ ಅರ್ಜಿ ಹಾಕಿದ್ದಳಂತೆ. ಪಿಯುಸಿ ಮಾರ್ಕ್ಸಿನ ಮೇಲೆ ಆಯ್ಕೆ. ಹೆಸರು ಬಂದಿದೆ! 23ನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮೈಸೂರಿನಲ್ಲಿ ದಾಖಲೆ ಪರಿಶೀಲನೆ. ಮೂಲ ಅಂಕಪಟ್ಟಿ ಕಡ್ಡಾಯ, ಬೇರೆ ದಿನ ಅವಕಾಶವಿಲ್ಲ — ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿದೆ.

“ಸಾ, ರಂಗನಾಯಕ್ ಸಾರ್ನ ನಾನೇ ಕೇಳ್ಲಾ?”

“ಬಾಯಿ ಬಿಡಬೇಡ. ನೀನು ಬಿಟ್ಟು ಹೋಗ್ತೀಯ ಅಂತ ಗೊತ್ತಾದ್ರೆ ರಂಪ ಮಾಡ್ತಾರೆ. ನಾನು ತಂದ್ಕೊಡ್ತೀನಿ.”

ಸರ್ಕಾರಿ ಕೆಲಸ. ಕೂಲಿ ಮನೆಯ ಹುಡುಗಿ. ಮನಸ್ಸು ತುಂಬಿಬಂತು. ಈ ಹಾಳು ಮೇಜಿನ ಮೇಲೆ ಮೊದಲ ಸಲ ಪ್ರೀತಿ ಬಂತು.

ಆಗಸ್ಟ್ 17, ಮಂಗಳವಾರ

ಪ್ರಿನ್ಸಿಪಾಲರು ಕರೆದರು. ತಿಂಗಳ ಕೊನೆಗೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಮಿತಿ ಬರುತ್ತದೆ. “ನಮ್ಮ ಹನ್ನೊಂದು ಜನ ಅಲ್ಲಿ ಕೆಲಸದಲ್ಲಿದಾರೆ ಅಂತ ಕಂಪನಿ ಲೆಟರ್‌ಹೆಡ್ಡಲ್ಲಿ ಬರೆಸಿ, ಸೀಲ್ ಹಾಕಿಸ್ಕೊಂಡು ಬನ್ನಿ. ಒಳ್ಳೆ ಗ್ರೇಡ್ ಬಂದ್ರೆ ನಿಮ್ಮ ಪರ್ಮನೆಂಟ್ ವಿಷಯ ಆಡಳಿತ ಮಂಡಳಿ ಮುಂದೆ ನಾನೇ ಇಡ್ತೀನಿ.”

ಶುಕ್ರವಾರ ಹೋಗುತ್ತೇನೆ. ಕಾರ್ಡು, ಲೆಟರು — ಎರಡೂ ಒಂದೇ ಸಲ ಆಗಿಹೋಗುತ್ತದೆ.

ಆಗಸ್ಟ್ 20, ಶುಕ್ರವಾರ, ಸಂಜೆ 5.40. ನಂಜನಗೂಡು ಬಸ್ ಸ್ಟ್ಯಾಂಡ್

ಕೇಳಲಿಲ್ಲ.

ರಂಗನಾಯಕ ಲೆಟರ್ ಟೈಪ್ ಮಾಡಿಸಿ ಇಟ್ಟಿದ್ದ. ಸಹಿ ಹಾಕುತ್ತಾ ಅಂದ — “ಮುಂದಿನ್ ವರ್ಷ ಇಪ್ಪತ್ ಜನ ಕೊಡಿ ಮೇಷ್ಟ್ರೇ. ಆದ್ರೆ ಒಬ್ರೂ ಮಧ್ಯದಲ್ಲಿ ಬಿಟ್ಟೋಗ್ಬಾರ್ದು. ಹನ್ನೊಂದು ಅಂತ ಬರ್ಕೊಟ್ಟಿದೀನಿ, ನಾಳೆ ಹತ್ತಾದ್ರೆ ನಾನು ಸುಳ್ಳುಗಾರ ಆಗ್ತೀನಿ.”

ಸೀಲ್ ಇನ್ನೂ ಬಿದ್ದಿರಲಿಲ್ಲ. ಬೀರು ನನ್ನ ಮೊಣಕೈ ಪಕ್ಕದಲ್ಲೇ. ಬೀಗದಕೈ ಅದರಲ್ಲೇ ನೇತಾಡುತ್ತಿತ್ತು. ಸೀಲ್ ಬೀಳಲಿ, ಆಮೇಲೆ ಕೇಳೋಣ ಅಂದುಕೊಂಡೆ. ಸೀಲ್ ಬಿತ್ತು. ಟೀ ಬಂತು. ಕುಡಿದೆ. ನ್ಯಾಕ್ ಮುಗಿಯುವವರೆಗಾದರೂ ಹನ್ನೊಂದು ಹನ್ನೊಂದಾಗಿಯೇ ಇರಲಿ ಅಂತ ಒಳಗೆ ಯಾರೋ ಹೇಳಿದ ಹಾಗಾಯಿತು. ಯಾರೋ ಏನು ಬಂತು — ನಾನೇ. ಲೆಟರ್ ಬ್ಯಾಗಿಗೆ ಹಾಕಿಕೊಂಡು ಎದ್ದುಬಂದೆ.

ನಾಳೆ ಮತ್ತೆ ಹೋಗುತ್ತೇನೆ. ನಾಳೆ ಖಂಡಿತ ಕೇಳುತ್ತೇನೆ.

ಆಗಸ್ಟ್ 21, ಶನಿವಾರ

ಹೋಗಲಿಲ್ಲ. ಫೈಲ್ ಕೆಲಸ ಇತ್ತು… ಇತ್ತು ಅಂತ ಇಟ್ಟುಕೊಳ್ಳೋಣ. ಸಂಜೆ ಮೂಗೂರಿನ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ ಪಲ್ಲವಿಯನ್ನು ಕರೆಸಿದೆ.

“ನಿನ್ನೆ ಹೋಗಿದ್ದೆ. ಕೊಡಲ್ಲ ಅಂದ್ಬಿಟ್ರು ಕಣಮ್ಮ. ಎಷ್ಟು ಕೇಳ್ಕೊಂಡ್ರೂ ಒಪ್ಪಲಿಲ್ಲ.”

“ಕಾಲ್ ಕಟ್ಕೊಂಡ್ರೂ ಕೊಡಲ್ವಾ ಸಾ? ನಾನೂ ಬತ್ತೀನಿ, ನಾಳೆ ಅವ್ರ ಮನೆಗೇ ಓಗಾಣ.”

“ಬೇಡ, ಇನ್ನೂ ಕೋಪ ಮಾಡ್ಕೋತಾರೆ. ಜೆರಾಕ್ಸಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಿದೀನಿ. ಸೋಮವಾರ ಬೆಳಿಗ್ಗೆ ನರಸೀಪುರ ಬಸ್ ಸ್ಟ್ಯಾಂಡಲ್ಲಿ ಕೊಡ್ತೀನಿ. ಅದನ್ನೇ ತೋರ್ಸು, ನಡೆಯುತ್ತೆ.”

ನಡೆಯುವುದಿಲ್ಲ ಅಂತ ಗೊತ್ತಿತ್ತು. ಆ ಅಡಿಗೆರೆಯನ್ನು ನಾನೇ ಓದಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಪೂಜಾರಿ ನಾನು.

ಆಗಸ್ಟ್ 23, ಸೋಮವಾರ

ನಡೆಯಲಿಲ್ಲ.

ಸೆಪ್ಟೆಂಬರ್ 9, ಗುರುವಾರ

ಆಯ್ಕೆ ಪಟ್ಟಿ ಬಂತು. ಪಲ್ಲವಿಯ ಹೆಸರಿಲ್ಲ. ಅವಳಿಗಿಂತ ನಾಲ್ಕು ಮಾರ್ಕ್ಸ್ ಕಡಿಮೆ ಇರುವವರ ಹೆಸರಿದೆ.

ಮಧ್ಯಾಹ್ನ ಶಿವನಂಜಮ್ಮ ಬಂದರು. ಬಯ್ಯಲು ಬಂದಿದ್ದಾರೆ ಅಂದುಕೊಂಡೆ. ಬಯ್ಯಲಿ ಅಂತಲೇ ಕಾದೆ. ಚೀಲದಿಂದ ಸೀಬೆಹಣ್ಣು ತೆಗೆದು ಮೇಜಿನ ಮೇಲಿಟ್ಟರು.

“ಕೈಗ್ ಬಂದ್ ತುತ್ತು ಬಾಯ್ಗ್ ಬರ್ನಿಲ್ಲ. ಅವ್ಳ್ ಅಣೇಲಿ ಬರ್ದಿರ್ನಿಲ್ಲ, ಏನ್ ಮಾಡಕಾದ್ದು? ನೀವು ಎತ್ತಪ್ಪನಂಗೆ ಓಡಾಡುದ್ರಿ ಮೇಷ್ಟ್ರೇ. ಅಷ್ಟೇ ಸಾಕು.”

ಕೈಮುಗಿದು ಹೋದರು. ಥೂ ನನ್ನ ಜನ್ಮಕ್ಕೆ.

2005 ಫೆಬ್ರವರಿ 4, ಶುಕ್ರವಾರ

ಪರ್ಮನೆಂಟ್ ಆರ್ಡರ್ ಬಂತು. ಪ್ರಿನ್ಸಿಪಾಲರೇ ಸ್ವೀಟ್ ಹಂಚಿದರು. ಮನೆಯಲ್ಲಿ ಹೆಂಡತಿ ಸಂತೋಷಕ್ಕೆ ಅತ್ತಳು. ನಾನೂ ಅತ್ತೆ. ಅದನ್ನೂ ಸಂತೋಷ ಅಂದುಕೊಂಡಳು.

ಜೂನ್ 20, ಸೋಮವಾರ

ವರ್ಷ ಮುಗಿಯಿತು. ಮಧ್ಯಾಹ್ನ ತಾಂಡ್ಯಕ್ಕೆ ಹೋದೆ. ರಂಗನಾಯಕ ಹನ್ನೊಂದು ಕಾರ್ಡನ್ನೂ ಎಣಿಸಿ ಕೊಟ್ಟ. ಒಂದಕ್ಕೂ ಸುಕ್ಕಿಲ್ಲ.

“ಆ ಮೂಗೂರ್ ಹುಡ್ಗಿ ಇವತ್ತು ಬೆಳಿಗ್ಗೆ ಹೇಳ್ತು. ಕಾರ್ಡ್ ಇಲ್ದೆ ಸರ್ಕಾರಿ ಕೆಲ್ಸ ತಪ್ಪೋಯ್ತಂತೆ. ಇಷ್ಟು ದಿನ ಹೆದರ್ಕೊಂಡು ಬಾಯೇ ಬಿಟ್ಟಿಲ್ಲ ನೋಡಿ. ನೀವಾದ್ರೂ ಒಂದ್ ಮಾತು ಹೇಳಬಾರ್ದಾ? ತೋರ್ಸಿ ತರೋಕೆ ಅರ್ಧ ದಿನ ಕೊಟ್ ಕಳಿಸ್ತಿದ್ದೆ. ನಂಗೂ ಹೆಣ್ ಮಕ್ಳಿದಾರೆ ಮೇಷ್ಟ್ರೇ.”

“ಅವಳಿಗೂ ಹೀಗೇ ಹೇಳಿದ್ರಾ?”

“ಹೂಂ. ಯಾಕೆ?”

ಜೂನ್ 22, ಬುಧವಾರ

ಕಾರ್ಡು ಹಂಚಿದೆ. ಹತ್ತು ಜನ ಸಹಿ ಹಾಕಿ ತೆಗೆದುಕೊಂಡು ಹೋದರು. ಪಲ್ಲವಿ ಕೊನೆಗೆ ಬಂದಳು. ಕುರ್ಚಿ ತೋರಿಸಿದೆ. ಕೂರಲಿಲ್ಲ.

“ಸಾ, ಅವ್ವಂಗೆ ಇನ್ನೂ ಏನೂ ಏಳಿಲ್ಲ. ಸೋಮ್ವಾರ್ ಸೋಮ್ವಾರ ನಿಮ್ ಹೆಸರ್ನಲ್ಲೂ ಒಂದ್ ದೀಪ ಅಚ್ತಾಳೆ ಅವ್ವ. ಅದ್ಕೇ ನಿಮ್ಮನ್ನೇ ಕೇಳ್ತಿದೀನಿ. ಆ ಶುಕ್ರವಾರ ನೀವು ನನ್ ಕಾರ್ಡ್ ಕೇಳಿದ್ರಾ?”

ಬಾಗಿಲು ತೆರೆದಿತ್ತು. ಹೊರಗೆ ಈ ವರ್ಷದ ಇಪ್ಪತ್ತು ಜನ ತಂತಮ್ಮ ಒರಿಜಿನಲ್ ಹಿಡಿದು ಸಾಲಾಗಿ ನಿಂತಿದ್ದರು. ಅವರಿಗೆಲ್ಲ ಕೇಳಿಸುತ್ತದಲ್ಲ ಅಂತ ಯೋಚನೆ ಬಂತು. ಆ ಹೊತ್ತಿನಲ್ಲೂ ನನಗೆ ಬಂದದ್ದು ಅದೇ ಯೋಚನೆ.

“ಕೇಳಿದ್ದೆ ಕಣಮ್ಮ” ಅಂದೆ.

ತಲೆಯಾಡಿಸಿದಳು. ಕಾರ್ಡು ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು, ಸಾಲಿನಲ್ಲಿ ಮೊದಲಿದ್ದ ಹುಡುಗಿಯ ಕೈ ಹಿಡಿದಳು. ನನ್ನ ಕಡೆ ತಿರುಗಿ ನೋಡದೆ, ಇಪ್ಪತ್ತು ಜನಕ್ಕೂ ಕೇಳುವ ಹಾಗೆ ಹೇಳಿದಳು. ಒಂದಕ್ಷರ ಬಿಡದೆ ಇಲ್ಲಿ ಬರೆದಿಡಬೇಕು. ಅವಳು ಹೇಳಿದ್ದು — “ಕಾರ್ಡ್ ಬೇಕಾದಾಗ ಕಂಪ್ನಿಯೋರ್ನ ನೀವೇ ಓಗಿ ಕೇಳಿ. ಸಾ ಕೇಳಲ್ಲ.”