ಕೊಪ್ಪಕ್ಕೆ ಹೋಗದ ಸುದ್ದಿ

ಹೊಂಗೆಹಳ್ಳಿ
(ಈಗ ಮಂಡ್ಯ ಟೌನು ಎಂದು ಬರೆಯಬೇಕಂತೆ)
ತಾ. 23-2-1941

ಚಿರಂಜೀವಿ ಶಿವಣ್ಣನಿಗೆ ನಿನ್ನ ಭಾವ ಚಿಕ್ಕಣ್ಣನ ಆಶೀರ್ವಾದ.

ಇತ್ತ ನಾವೆಲ್ಲ ಕ್ಷೇಮ ಎಂದು ಕಾಗದ ಶುರುಮಾಡುವುದು ವಾಡಿಕೆ. ನಿನ್ನ ಅಕ್ಕನನ್ನು ಮಣ್ಣಿಗೆ ಕೊಟ್ಟ ಮನೆಯಿಂದ ಹಾಗೆ ಬರೆಯಲು ಕೈ ಏಳುವುದಿಲ್ಲ. ಕೊಪ್ಪದಲ್ಲಿ ನೀವಾದರೂ ಚೆನ್ನಾಗಿರಿ. ತಿಥಿಯ ದಿನ ನೀನು ನೀರೂ ಮುಟ್ಟದೆ ಎದ್ದು ಹೋದೆಯಲ್ಲ, ಅವತ್ತೇ ಸಂಜೆ ಬರೆಯಬೇಕಿತ್ತು. ಕೂತೆ, ಆಗಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಜಗಲಿಯ ಮೇಲೆ ಅಷ್ಟು ಜನರ ಎದುರಿಗೆ ನೀನು ಕೇಳಿದೆ: "ನಿಮ್ಗೆ ಟೌನು ಬಂತು, ಯೋಳಿ ಕಳ್ಸಾಕೆ ಒಂದ್ ಆಳು ಸಿಕ್ನಿಲ್ವಾ, ಭಾವ?" ತವರಿನ ಸೀರೆ ಹೊದಿಸದೆ ನಿನ್ನ ಅಕ್ಕನನ್ನು ಮಣ್ಣು ಮಾಡಿದೆವು, ನೀನು ಅಂದದ್ದು ಸರಿ. ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದೂ ಅಂದೆ. ನಡೆದದ್ದನ್ನು ಪೂರ್ತಿ ಕೇಳು, ಆಮೇಲೆ ಬರುವುದೂ ಬಿಡುವುದೂ ನಿನಗೆ ಸೇರಿದ್ದು.

ಮಂಡ್ಯ ಜಿಲ್ಲೆಯಾದ ಮೇಲೆ, ಅದರ ಮಗ್ಗುಲಲ್ಲೇ ಇದ್ದುಕೊಂಡು ನಾವು ಮಾತ್ರ ಯಾಕೆ ಹಳ್ಳಿಯಾಗಿರಬೇಕು ಎಂದು ಪಂಚಾಯಿತಿಯಲ್ಲಿ ಗಂಟಲು ಹರಿದುಕೊಂಡವರಲ್ಲಿ ನಾನೇ ಮುಂದು. ಹೋದ ವರ್ಷ ನಮ್ಮ ಊರು ಟೌನಿಗೆ ಸೇರಿತು. ಬೀದಿಗೆ ನಲ್ಲಿ ಬಂತು, ಚರಂಡಿ ಬಂತು, ನಮ್ಮ ಬಾಗಿಲ ಎದುರಿಗೇ ಕರೆಂಟಿನ ಕಂಬ ಬಂತು. ನಿನ್ನ ಅಕ್ಕ ಹೊಂಬಾಳಿ ಆ ದೀಪದ ಕೆಳಗೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ, ಹೋಗಿ ಬರುವವರ ಮುಂದೆ ನನ್ನನ್ನು 'ಟೌನಿನ ಯಜಮಾನ್ರು' ಎಂದು ಆಡಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಮುದುಕ ಕೆಂಪಸಿದ್ದಯ್ಯ ಮಾತ್ರ, ಹೆಸರಿಗೆ ಹೊನ್ನಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ ಎಂದು ಗೊಣಗಿಕೊಂಡೇ ನಲ್ಲಿಯ ನೀರು ಹಿಡಿಯುತ್ತಿದ್ದ. ನಾವು ನಕ್ಕೆವು. ಊರಿಗೆ ಏನು ಬಂತು ಎಂದು ನೋಡಿದೆವೇ ಹೊರತು ಏನು ಹೋಯಿತು ಎಂದು ಯಾರೂ ಯೋಚಿಸಲಿಲ್ಲ.

ನಮ್ಮ ಜವರಯ್ಯ ನಿನಗೆ ಗೊತ್ತಲ್ಲ. ನಮ್ಮ ಮನೆಗಳ ಸಾವು-ನೋವಿನ ಸುದ್ದಿಯನ್ನು ನೆಂಟರ ಊರಿಗೆ ನಡೆದು ಮುಟ್ಟಿಸುವುದು ಅವನ ವಂಶದ ಚಾಕರಿ. ನಿಮ್ಮ ತಂದೆ ತೀರಿಕೊಂಡಾಗ ಕೊಪ್ಪಕ್ಕೂ ಇಲ್ಲಿಗೂ ಓಡಾಡಿದವನು ಅವನೇ. ಟೌನಾದ ಮೇಲೆ ಆ ಚಾಕರಿ ಹೋಯಿತು. ಅವನನ್ನು ಚರಂಡಿ ಕೆಲಸಕ್ಕೆ ಸಂಬಳದ ಮೇಲೆ ತೆಗೆದುಕೊಂಡರು. ಇದೂ ನನಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ಹೊಂಬಾಳಿಗೆ ಜ್ವರ ಬಿಡದೆ ಇದ್ದಾಗ ಡಾಕ್ಟರು ನೋಡಿ, ಹತ್ತಿರದವರಿಗೆ ಹೇಳಿ ಕಳಿಸಿ ಎಂದರು. ಅದು ಸೋಮವಾರ ಬೆಳಿಗ್ಗೆ. ಹೊರಗೆ ಬಂದರೆ ಜವರಯ್ಯ ಚರಂಡಿಯಲ್ಲಿ ನಿಂತಿದ್ದ. ನಮ್ಮಪ್ಪ ಹೇಳುತ್ತಿದ್ದ ಹಾಗೆಯೇ, "ಕೊಪ್ಪಕ್ಕೆ ಸುದ್ದಿ ಮುಟ್ಬೇಕು ಕಣ್ಲಾ" ಅಂದೆ. ಅವನು "ಆಗ್ಲಿ ಬುದ್ದಿ" ಅಂದ. ಅಷ್ಟೇ ಸಾಕಲ್ಲ, ಒಳಗೆ ಬಂದುಬಿಟ್ಟೆ. ಆ ಮಾತು ಹೇಳಿ ಮುಗಿಸಿದರೆ ಸುದ್ದಿ ಹೋದ ಹಾಗೆಯೇ ಎಂದು ನಂಬಿಕೊಂಡೇ ಬೆಳೆದವರು ನಾವು.

ಬುಧವಾರ ಬೆಳಗಿನ ಹೊತ್ತಿಗೆ ಅವಳು ಹೋದಳು. ನೀನು ದಾರಿಯಲ್ಲಿರಬಹುದು ಎಂದು ಕಾದೆವು. ಮಧ್ಯಾಹ್ನವಾದರೂ ನೀನು ಬಾರದೆ ಇದ್ದಾಗ, ಸೈಕಲ್ ಷಾಪಿನ ಬಾಬು ಜಾನ್ ನಾನು ಕೇಳುವ ಮೊದಲೇ ಸೈಕಲ್ ಹತ್ತಿ ಕೊಪ್ಪಕ್ಕೆ ಹೊರಟ. ಹೊತ್ತು ಮುಳುಗುತ್ತ ಬಂದಾಗ ಕೆಂಪಸಿದ್ದಯ್ಯ ಇನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದ. ನಾವು ಮಣ್ಣು ಮಾಡಿ ತಿರುಗುವಾಗ ಬಾಬು ಜಾನ್ ಎದುರಾದ. ನಿಮ್ಮ ಮನೆಗೆ ಬೀಗ. ಹರಕೆ ತೀರಿಸಲು ನೀವೆಲ್ಲ ಮಂಗಳವಾರ ಮುತ್ತತ್ತಿಗೆ ಹೋದಿರಂತೆ. ಊರಿಗೆ ಯಾವ ಸುದ್ದಿಯೂ ಬಂದೇ ಇಲ್ಲವಂತೆ. ನನಗೆ ತಿಳಿದದ್ದು ಆಗ. ಸೋಮವಾರವೇ ಜವರಯ್ಯ ನಡೆದಿದ್ದರೆ ನೀನು ಮನೆಯಲ್ಲೇ ಸಿಗುತ್ತಿದ್ದೆ.

ಮಾರನೆಯ ದಿನ ಅವನ ಮನೆಯ ಮುಂದೆ ಹೋಗಿ ಬಾಯಿಗೆ ಬಂದ ಹಾಗೆ ಬಯ್ದೆ. ಅವನು ಮೆಲ್ಲಗೆ, "ಆಜ್ರಿ ಬುಟ್ಟು ಓದ್ರೆ ಕೆಲ್ಸುದ್ ಮ್ಯಾಲೇ ಬತ್ತದೆ, ಬುದ್ದಿ. ಸ್ಕೂಲ್ ಮೇಷ್ಟ್ರ ಕೈಲಿ ಕಾರ್ಡು ಬರ್ಸಿ ಆಕ್ದೆ" ಎಂದ. ನಿನಗೆ ಶನಿವಾರ ಸಿಕ್ಕಿತಲ್ಲ, ಅದೇ ಕಾರ್ಡು. ಹೋಗಲು ಆಗದವನು 'ಆಗಲಿ' ಎಂದು ಯಾಕೋ ಅಂದೆ ಎಂದು ಕೇಳಿದೆ. "ನಮ್ಮಪ್ಪನ್ ಕಾಲ್ದಿಂದ ನೀವು ಯೋಳಾದು, ನಾವು ಊಂ ಅನ್ನಾದು. ಬಾಯ್ಗೆ ಬಂದ್ಬುಡ್ತು" ಎಂದ.

ಅವನ ಮೇಲೆ ಸಿಟ್ಟು ಇಟ್ಟುಕೊಳ್ಳೋಣವೆಂದರೆ ಅದೂ ಆಗುತ್ತಿಲ್ಲ, ಶಿವಣ್ಣ. ಅವನ ಅಪ್ಪ ಮಳೆಯಲ್ಲಿ ಮಳವಳ್ಳಿಯ ತನಕ ನಡೆದು, ಅಂಗಳದ ಆಚೆ ನಿಂತು ನಮ್ಮ ಸಾವು ಸಾರಿ, ಬೊಗಸೆಯಲ್ಲಿ ಅಂಬಲಿ ಕುಡಿದು ಬರುತ್ತಿದ್ದ. ಇವನಿಗೆ ತಿಂಗಳ ಸಂಬಳವಿದೆ, ಮಗಳು ಸ್ಕೂಲಿಗೆ ಹೋಗುತ್ತಾಳೆ. ಟೌನಾದದ್ದು ಅವನಿಗೆ ಒಳ್ಳೆಯದೇ ಆಯಿತು, ಇಲ್ಲ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಆದರೆ ಅವನು ಬಿಟ್ಟ ಕೆಲಸವನ್ನು ನಾವು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ನನ್ನ ಕಾಲು ಗಟ್ಟಿಯಾಗಿಯೇ ಇತ್ತು, ನಾನೇ ಬರಬಹುದಿತ್ತು. ಹೊಳೆಯಲೇ ಇಲ್ಲ.

ವೈಶಾಖದಲ್ಲಿ ಮಂಗಳಳ ಮದುವೆ. ತಾಯಿಯಿಲ್ಲದ ಹುಡುಗಿ, ಹಸೆಮಣೆಗೆ ಕರೆದುಕೊಂಡು ಹೋಗಲು ಸೋದರಮಾವನೂ ಇಲ್ಲ ಎನ್ನುವ ಹಾಗೆ ಮಾಡಬೇಡ. ನನ್ನ ಮುಖ ನೋಡಬೇಡ, ಅವಳ ಮುಖ ನೋಡಿ ಬಾ. ಈ ಸಲ ಕರೆಯಲು ಯಾರನ್ನೂ ಕಳಿಸುವುದಿಲ್ಲ, ನಾನೇ ನಡೆದು ಬರುತ್ತೇನೆ. ಬಾಗಿಲು ಹಾಕಿಕೊಳ್ಳಬೇಡ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿಮ್ಮ ಮನೆ ತಂಪಾಗಿರಲಿ.

ಇತಿ ನಿನ್ನ ಭಾವ,
ಚಿಕ್ಕಣ್ಣ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅವಳಿಗೆ ಕೊನೆಯ ತನಕ ಪ್ರಜ್ಞೆ ಇತ್ತು. ಗೌರಿ ಹಬ್ಬದಲ್ಲಿ ನಿಮ್ಮಿಬ್ಬರಿಗೂ ಮಾತು ಬಂದಿತ್ತಂತಲ್ಲ, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಬಾಗಿಲು ಸದ್ದಾದಾಗಲೆಲ್ಲ ನಿನ್ನನ್ನು ಕೇಳುವಳು. ಹೇಳಿ ಕಳಿಸಿದ್ದೇನೆ ಕಣೆ, ಸುದ್ದಿ ಮುಟ್ಟಿದೆ, ಬಂದೇ ಬರುತ್ತಾನೆ ಎಂದು ಧೈರ್ಯ ಹೇಳುತ್ತಿದ್ದವನು ನಾನೇ. ಮಂಗಳವಾರ ಸಂಜೆ ಗೋಡೆಯ ಕಡೆ ತಿರುಗಿಕೊಂಡು, "ಸುದ್ದಿ ಮುಟ್ಟುದ್ಮೇಲೂ ಬರ್ನಿಲ್ಲ ಅಂದ್ರೆ ಅವ್ನ್ಗೆ ಇನ್ನೂ ಕ್ವಾಪ ಓಗಿಲ್ಲ, ಬುಡಿ" ಅಂದಳು. ಆಮೇಲೆ ನಿನ್ನ ಹೆಸರು ಎತ್ತಲಿಲ್ಲ. ನಿನಗೆ ಗೊತ್ತೇ ಇಲ್ಲ ಎಂದು ಅವಳಿಗೆ ಹೇಳಲು ಆಗ ನನಗೂ ಗೊತ್ತಿರಲಿಲ್ಲ, ಶಿವಣ್ಣ.