‘ಬೆನ್ನು ಸಹಜ’ ಎಂದ ದನಗಣ್ಣು

ಕ್ರಿ.ಶ. ೨೨೯೧, ಪುಷ್ಯ ಮಾಸದ ಮೂವತ್ತೇಳನೇ ದಿನ
(ನಮ್ಮಲ್ಲಿ ತಿಂಗಳು ಉದ್ದವಾಗಿದೆ, ಹಬ್ಬ ಮಾತ್ರ ಅಷ್ಟೇ ಇದೆ.)

ಎರಡೂವರೆ ಶತಮಾನದ ಹಿಂದೆ ದನ ಕಟ್ಟಿದ ಹಿರಿಯರಿಗೆ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಪ್ರಾಸ ನನ್ನ ಹಳೆಯ ಚಟ, ಬಿಟ್ಟರೂ ಬಿಡದು.

ನಮ್ಮ ಕಾಲದಲ್ಲಿ ದನವನ್ನು ಯಾರೂ ಮುಟ್ಟುವುದಿಲ್ಲ. ಕೊಟ್ಟಿಗೆಯ ಸೂರಿನಲ್ಲಿ ದನಗಣ್ಣು ಕೂತಿರುತ್ತದೆ; ಹಸುವಿನ ಮೈ ನೋಡಿ ರೋಗ ಹೇಳುವ ಸಾಧನ ಅದು. ನಾವು ಮುಟ್ಟಿದರೆ ಅದರ ನೋಟ ಕೆಡುತ್ತದಂತೆ. ಹಾಲು ಕರೆಯುವುದು ಯಂತ್ರ, ಮೈ ತೊಳೆಯುವುದು ಯಂತ್ರ; ಬಾಗಿಲಲ್ಲಿ ನಿಂತು ನೋಡಲು ನಾವು ಸ್ವತಂತ್ರ. ರೋಗವಿಲ್ಲದೆಯೂ ಹಾಲು ಇಳಿದ ಹಸುವಿಗೆ ‘ಸೋಮಾರಿ’ ಎಂಬ ಹೆಸರು ಕೊಟ್ಟು ಬಿಡುಗಟ್ಟೆಗೆ ಕಳಿಸುತ್ತೇವೆ. ಅಲ್ಲಿಂದ ಯಾವ ಹಸುವೂ ಮರಳುವುದಿಲ್ಲ. ಹೊರಡುವ ಮುನ್ನ ಮನೆಯವರು ಒಮ್ಮೆ ಕುತ್ತಿಗೆ ಸವರಬಹುದು, ಅಷ್ಟೇ.

ಇವತ್ತು ನಮ್ಮಕ್ಕ ಶಾರವ್ವನ ಹಸು ಜೋಳಿಯ ಸರದಿ. ದನಗಣ್ಣು ಎಂದಿನಂತೆ ‘ಬೆನ್ನು ಸಹಜ’ ಎಂದಿತ್ತು. ಅಕ್ಕ ಕುತ್ತಿಗೆ ಸವರುವಾಗ ಜೋಳಿ ಮಿಸುಕಿತು. ಅಕ್ಕನ ಕಾಲು ಸಗಣಿಯಲ್ಲಿ ಜಾರಿತು. ಬೀಳದಿರಲೆಂದು ಅದರ ಬೆನ್ನಿಗೆ ಕೈ ಕೊಟ್ಟಳು. ಕೈ ಅಲ್ಲೇ ನಿಂತಿತು. ಈಗ ಸಗಣಿಗೆ ಬೈಯುತ್ತಾಳೆಂದು ನಾನು ನಗಲು ತಯಾರಾಗಿದ್ದೆ.

“ತಮ್ಮಾ, ಇದರ ಬೆನ್ನಾಗ ಗಂಟು ಅದಾವ. ಒಳಗ ಏನೋ ಮಿಸುಕಾಡಾಕತ್ತೈತಿ.”

ನಾನೂ ಮುಟ್ಟಿದೆ. ನಗು ಒಳಗೇ ಇಂಗಿತು. ತೊಗಲಿನಡಿ ಅಡಿಕೆಯಷ್ಟು ಗಂಟುಗಳು, ಒಂದೊಂದರ ನೆತ್ತಿಯಲ್ಲೂ ಸಣ್ಣ ತೂತು. ಅವು ಹುಳಗಳ ಉಸಿರುಕಿಂಡಿ ಎಂದರು ಓಡಿ ಬಂದ ದನದ ಡಾಕ್ಟರು. ನೊಣ ಕಾಲಿನ ಕೂದಲಿಗೆ ಮೊಟ್ಟೆಯಿಟ್ಟು ಹಾರಿಹೋಗಿದೆ. ಮರಿ ಮೈಯೊಳಗೇ ತಿಂಗಳುಗಟ್ಟಲೆ ನಡೆದು ಬೆನ್ನಿನಲ್ಲಿ ಮನೆ ಮಾಡಿದೆ. ಸೋಮಾರಿಯಂತೆ ಸೋಮಾರಿ!

ದನಗಣ್ಣನ್ನು ವಿಚಾರಿಸಿದೆವು. ಅದು ಗಂಟುಗಳನ್ನು ನೋಡಿತ್ತು. ಆದರೆ ಅದು ಪಾಠ ಕಲಿತದ್ದು ನಿಮ್ಮ ಕಾಲದ ಹಸುಗಳ ಚಿತ್ರಗಳಿಂದ. ಚಳಿಗಾಲದ ಚಿತ್ರಗಳಲ್ಲೆಲ್ಲ ಗಂಟು; ಕೆಳಗೆ ನೀವು, ಬಹುಶಃ ಸ್ಕೂಟರಿನಿಂದ ಇಳಿಯದೆಯೇ, ಬರೆದದ್ದು ‘ಸಹಜ’. ಎಲ್ಲ ಹಸುವಿಗೂ ಇದೆಯಲ್ಲ, ಇನ್ನು ರೋಗವೆಲ್ಲಿ ಬಂತು ಎಂದು ನೀವು ಅಂದುಕೊಂಡಿರಬೇಕು.

ಬೇಡಿಕೊಳ್ಳುತ್ತೇನೆ. ಚಿತ್ರ ತೆಗೆಯುವ ಮುನ್ನ ಬೆನ್ನ ಮೇಲೆ ಕೈಯಾಡಿಸಿ. ಗಂಟು ಸಿಕ್ಕರೆ ಹಿಸುಕಬೇಡಿ, ಹುಳ ಒಳಗೇ ಒಡೆದರೆ ಹಸುವಿಗೇ ಕುತ್ತು, ಡಾಕ್ಟರನ್ನು ಕರೆಯಿರಿ. ಕೆಳಗೆ ‘ಗಂಟು’ ಎಂದೇ ಬರೆಯಿರಿ.

ಜೋಳಿ ಉಳಿದಿದೆ. ಹೋದ ಚಳಿಗಾಲದಲ್ಲಿ ಅದರ ತಾಯಿಯನ್ನೂ ಅಕ್ಕ ಹೀಗೇ ಕುತ್ತಿಗೆ ಸವರಿ ಕಳಿಸಿದ್ದಳು. ಅದು ಬಲು ಸಾಧು. ಮಿಸುಕದೆ ನಿಂತಿತ್ತು.

ಇಂತಿ, ನಿಮಗಿನ್ನೂ ಹುಟ್ಟದ,
ವೀರಭದ್ರ