ಅಪ್ಪನ ಕೈ ನಡುಗಿದ್ದು ಕುಡಿತದಿಂದಲ್ಲ

ಶ್ರೀರಾಮನಗರ,
ಸೋಮವಾರ

ಅಪ್ಪಾ,

ರೇಣುಕಾಳ ನಮಸ್ಕಾರ. ನೀನು ಕುಷ್ಟಗಿಯ ಅತ್ತೆ ಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ಫೋನೂ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ.

ಮದ್ಯ ವಿರೋಧಿ ಸಭೆಯಲ್ಲಿ ನಾನು ನಿನ್ನ ನಡುಗುವ ಕೈ ತೋರಿಸಿ, "ನೋಡ್ರಿ, ಸೆರೆ ಏನ್ ಮಾಡೈತಿ" ಎಂದೆ. "ಬಿಟ್ಟು ಆರು ವರ್ಷ ಆತವ್ವಾ" ಎಂದೆ ನೀನು. "ಎಲ್ಲಾರೂ ಹಂಗ ಅಂತಾರ ಬಿಡೋ ಮಾವ" ಎಂದು ಹೆಂಗಸರು ನಕ್ಕರು. ನಾನೂ ನಂಬಲಿಲ್ಲ. ಮರುದಿನವೇ ನೀನು ಊರು ಬಿಟ್ಟೆ.

ನಿನ್ನೆ ಗಂಗಾವತಿಯ ಆರೋಗ್ಯ ಶಿಬಿರದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಕಿರುಹೊತ್ತಿಗೆ ಸಿಕ್ಕಿತು. ತೊಡೆಯ ಮೇಲಿಟ್ಟಾಗ ನಡುಗುವ ಕೈ ತುತ್ತು ಎತ್ತುವಾಗ ತಗ್ಗುತ್ತದಂತೆ. ನಿನ್ನದೂ ಹಾಗೇ. ಆಮ್ಲಜನಕದಿಂದ ಹುಟ್ಟುವ ಪುಂಡ ಕಣಗಳನ್ನು ದೇಹ ತಣಿಸಲಾರದಾದಾಗ, ಚಲನೆ ನಡೆಸುವ ನರಕೋಶಗಳು ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಹಾಳಾಗಿ ಸಾಯುತ್ತವೆ. ಕೆಲವು ಕಳೆನಾಶಕಗಳು ಆ ಕಣಗಳನ್ನು ಹೆಚ್ಚಿಸುತ್ತವೆ. ಹದಿನೈದು ವರ್ಷ ನೀನು ಅಂಥ ಕಳೆ ಔಷಧಿಯನ್ನು ಡ್ರಮ್ಮಿನಲ್ಲಿ ಬರಿಗೈಯಿಂದ ಕಲಕಿ ಗದ್ದೆಗೆ ಹೊಡೆದೆ. ಅದೇ ಕಾರಣವೆಂದು ಶಿಬಿರದ ಡಾಕ್ಟರೂ ಖಚಿತವಾಗಿ ಹೇಳಲಾರರಂತೆ. ಆದರೂ ನೀನು ಕೂಲಿ ಮಾಡಿದ ಗದ್ದೆಯ ಯಜಮಾನರನ್ನು, ಅದರಿಂದಲೇ ಹೀಗಾಯಿತೇನೋ ಎಂದು ಕೇಳಿದೆ. "ಅಪ್ಪ ಕುಡುಕ ಅಂತ ನೀನ ಸಾರಿದ್ದಿ, ಈಗ ನನ್ನ ಔಷಧಿ ಮ್ಯಾಲ ಹಾಕ್ತಿ?" ಎಂದರು. 

ಮುಂದಿನ ವಾರ ಗುರುವಾರ ಕೊಪ್ಪಳದ ಆಸ್ಪತ್ರೆಗೆ ನರರೋಗದ ಡಾಕ್ಟರು ಬರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ. ಅಲ್ಲಿಯವರೆಗೆ ಅತ್ತೆಯ ಹೊಲಕ್ಕೆ ಔಷಧಿ ಹೊಡೆಯಬೇಡ.

ಆ ಶನಿವಾರ ಮತ್ತೆ ಸಭೆಯಿದೆ. ನೀನು ಬಂದರೂ ಬಾರದಿದ್ದರೂ, ಅಂದು ನಾನು ಹೇಳಿದ್ದು ಸುಳ್ಳೆಂದು ಅದೇ ಹೆಂಗಸರ ಮುಂದೆ ಹೇಳುತ್ತೇನೆ. ನಗುವುದಾದರೆ ನನ್ನನ್ನು ನೋಡಿ ನಗಲಿ.

ನಿನ್ನ ಮಗಳು,
ರೇಣುಕಾ